ಕೋಲ್ಡ್ ಸ್ಟೋರೇಜಿಗಿಟ್ಟ ಡಿಗ್ರಿ

ಮಠದ ಪುರಾಣದಲ್ಲಿ ಮೊದಲು ವಿಘ್ನೇಶ್ವರನಿಗೆ ಕೈ ಮುಗಿದು ಆಮೇಲೆ ಕಥೆಗೆ ಇಳಿಯುವುದು ರೂಢಿ. ಬ್ಯಾಡಗಿಯ ಹೊಳಿಯಪ್ಪ ಮುಂಜಾನೆ ಎದ್ದ ಕೂಡಲೇ ಕೈ ಮುಗಿಯುತ್ತಿದ್ದದ್ದು ಮಾತ್ರ ಮೊಬೈಲಿಗೆ ಬರುವ ಮೆಣಸಿನಕಾಯಿ ದರಕ್ಕೆ. ಅವನದೇನೂ ಮೆಣಸಿನಕಾಯಿ ಇರಲಿಲ್ಲ. ವಿರೂಪಾಕ್ಷಪ್ಪ ಸಾಹುಕಾರರ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾಣಜಿ ಅವನು. ಬೇರೆಯವರ ಚೀಲ ಎಣಿಸಿ, ಬೇರೆಯವರ ಲಾಭ ಬರೆದು, ಬೇರೆಯವರ ಘಾಟಿಗೆ ಸೀನಿ ಸೀನಿ ತಲೆ ಬೆಳ್ಳಗಾಗಿತ್ತು. ಆದರೂ ದರ ಏರಿದ ದಿನ ಅವನ ನಡಿಗೆಯೇ ಬೇರೆ. ಇಳಿದ ದಿನ ತಟ್ಟೆಯಲ್ಲಿ ಒಂದು ರೊಟ್ಟಿ ಕಡಿಮೆ.

ಅವನ ಬದುಕಿನಲ್ಲಿ ಗೆಲುವು ಅಂತ ಬಂದದ್ದು ಒಂದೇ ಸಲ. ಐರಣಿಯ ಮಾವನ ಮನೆಯಿಂದ ಪಾಲಿಗೆ ಬಂದ ಆರು ಚೀಲ ಮೆಣಸಿನಕಾಯಿಯನ್ನು, ದರ ಬಿದ್ದಿದೆಯೆಂದು ಮಾರದೆ, ಸಾಹುಕಾರರ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ. ದೀಪಾವಳಿ ಹೊತ್ತಿಗೆ ದರ ದುಪ್ಪಟ್ಟಾಯಿತು. ಹೆಂಡತಿ ಬಸವಣ್ಣೆವ್ವನ ಕೊರಳಿಗೆ ಒಂದೆಳೆ ಸರ ಬಂತು; ಹೊಳಿಯಪ್ಪನ ತಲೆಗೆ ಒಂದು ತತ್ವ ಬಂತು. ಬಿದ್ದ ದರಕ್ಕೆ ಮಾಲು ಬಿಡಬಾರದು. ಅಂದಿನಿಂದ ಇದೇ ಅವನ ಪಂಚಾಕ್ಷರಿ. ಹಾಲು ಬತ್ತುತ್ತಿದ್ದ ಎಮ್ಮೆಯನ್ನು ದರ ಬರಲೆಂದು ತಡೆದ. ಎಮ್ಮೆ ಪೂರ್ತಿ ಬತ್ತಿ, ಆಮೇಲೆ ಸತ್ತೂ ಹೋಯಿತು. ಹಳೆಯ ಸ್ಕೂಟರನ್ನು ತಡೆದ. ಗುಜರಿಯವನು ಸುತ್ತು ಹಾಕಿ ನೋಡಿ, "ಇದನ್ನ ಒಯ್ಯಾಕ ನೀವೇ ನನಗ ರೊಕ್ಕಾ ಕೊಡ್ಬೇಕರಿ ದಿವಾಣಜಿ" ಅಂದ. ಆದರೆ ಭಕ್ತನಾದವನು ದೇವರು ಕೊಟ್ಟದ್ದನ್ನು ನೆನೆಯುತ್ತಾನೆಯೇ ಹೊರತು ಕೊಡದ್ದನ್ನು ನೆನೆಯುವುದಿಲ್ಲ. ಹೊಳಿಯಪ್ಪ ಎಮ್ಮೆಯನ್ನು ಮರೆತ, ಸ್ಕೂಟರನ್ನು ಮರೆತ. ಆರು ಚೀಲವನ್ನು ಮರೆಯಲಿಲ್ಲ.

ಇಂಥವನಿಗೆ ಒಬ್ಬಳೇ ಮಗಳು, ಕಾವ್ಯಾ.

ಕಾವ್ಯಾ ಪಿಯುಸಿ ಮುಗಿಸಿದ ವರ್ಷ, ಯಾವುದೋ ದೂರದ ಕಾಲೇಜಿನವರು ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಪಾಲಕರನ್ನು ಕೂಡಿಸಿ, ಉಪ್ಪಿಟ್ಟು ಶಿರಾ ತಿನ್ನಿಸಿ, ಕೋಟು ಹಾಕಿದವನೊಬ್ಬನನ್ನು ಮಾತಿಗೆ ನಿಲ್ಲಿಸಿದ್ದರು. "ಒಬ್ಬ ಡಾಕ್ಟರಿಗೆ ಹತ್ತು ಜನ ಸಹಾಯಕರು ಬೇಕು. ದೇಶದಲ್ಲಿ ಡಾಕ್ಟರು ಎಷ್ಟು ಜನ? ಅದನ್ನು ಹತ್ತರಿಂದ ಗುಣಿಸಿ" ಅಂದ ಕೋಟಿನವ. ಹೊಳಿಯಪ್ಪ ಶಿರಾದ ಕೈಯಲ್ಲೇ ಗುಣಿಸಿದ. ಬಂದ ಸಂಖ್ಯೆ ನೋಡಿ ಅವನಿಗೆ ಬೆವರು ಬಂತು. ಅದೇ ತಿಂಗಳು ಹಾವೇರಿಯ ಬ್ಯಾಂಕಿನಲ್ಲಿ ಐದು ಲಕ್ಷ ಶಿಕ್ಷಣ ಸಾಲಕ್ಕೆ ಅಪ್ಪ ಮಗಳಿಬ್ಬರೂ ಸಹಿ ಹಾಕಿದರು, ಕಾವ್ಯಾ ಬಿ.ಎಸ್ಸಿ. ಡಯಾಲಿಸಿಸ್ ಸೇರಿದಳು. ಕಿಡ್ನಿ ಸೋತವರ ರಕ್ತವನ್ನು ಮಷಿನ್ನಿಗೆ ಹಾಯಿಸಿ ತೊಳೆಯುವ ವಿದ್ಯೆ. ಓಣಿಯವರು ಕೇಳಿದರೆ ಹೊಳಿಯಪ್ಪನ ಉತ್ತರ ಸಿದ್ಧವಿತ್ತು: "ಡಾಕ್ಟರ್‌ಗಿಂತ ಒಂದು ಗೇಣು ಕಡಿಮಿ, ಉಳದವರಿಗಿಂತ ಒಂದು ಮೊಳ ಹೆಚ್ಚು."

ಹುಡುಗಿ ಮಾತ್ರ ಗೇಣು ಮೊಳ ನೋಡದೆ ಕಲಿತಳು. ಕಡೆಯ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ದುಡಿಮೆ, ಸಂಬಳವಿಲ್ಲದೆ. ರಜೆಗೆ ಬಂದಾಗ ಅವ್ವನ ಮುಂಗೈ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು: "ಪೇಷಂಟ್ ಕೈಯಾಗ ಎರಡು ನರಾ ಕೂಡ್ಸಿ ಹೊಲದಿರ್ತಾರವಾ, ಫಿಸ್ಟುಲಾ ಅಂತಾರ. ಬಟ್ಟ ಇಟ್ರ ಒಳಗ ಝುಂ ಅಂತೈತಿ, ಜೇನುಹುಳ ಹಿಡದಂಗ. ಆ ಝುಂ ಹಿಡದು ಸೂಜಿ ಹಾಕ್ಬೇಕು. ಒಂದು ಕೂದಲೆಳಿ ತಪ್ಪಿದ್ರ ಕೈ ಬಾತು ಕುಂಬಳಕಾಯಿ ಆಗ್ತದ." ಬಸವಣ್ಣೆವ್ವನಿಗೆ ಅರ್ಥವಾಗದಿದ್ದರೂ ಕೈ ಮಾತ್ರ ಹಿಂದೆಗೆಯುತ್ತಿರಲಿಲ್ಲ.

ಡಿಗ್ರಿ ಕೈಗೆ ಬಂತು. ರಾಣೆಬೆನ್ನೂರಿನ ಖಾಸಗಿ ಆಸ್ಪತ್ರೆಯೊಂದರಿಂದ ಸಂದರ್ಶನಕ್ಕೆ ಕರೆಯೂ ಬಂತು. ಹೊಳಿಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೆಗಲಿಗೆ ಹೊಸ ಟವೆಲ್ಲು ಹಾಕಿ ಹೊರಟ.

"ಸಂದರ್ಶನ ನನಗೈತಪ್ಪಾ. ನೀ ಯಾಕ ಬರ್ತಿ?" ಅಂದಳು ಕಾವ್ಯಾ.

"ಉತ್ತರಾ ನೀ ಹೇಳು. ದರಾ ನಾ ಹೇಳ್ತೇನಿ."

ಆಸ್ಪತ್ರೆಯ ವ್ಯವಸ್ಥಾಪಕ ದಿಲಾವರ, ಹಾವೇರಿಯ ಹುಡುಗ. ಮಗಳನ್ನು ಹತ್ತು ಪ್ರಶ್ನೆ ಕೇಳಿದ, ಹತ್ತಕ್ಕೂ ಉತ್ತರ ಬಂತು. ಮೆಚ್ಚಿ ತಲೆ ಆಡಿಸಿದ. ಆಗ ಹೊಳಿಯಪ್ಪ ಕುರ್ಚಿ ಮುಂದಕ್ಕೆಳೆದು, ಹೆಗಲ ಟವೆಲ್ಲು ತೆಗೆದು ಮೇಜಿನ ಮೇಲೆ ಹಾಸಿ, ಅದರ ಕೆಳಗೆ ತನ್ನ ಬಲಗೈ ಇಟ್ಟ.

ಹಾವೇರಿಯ ದನದ ಪೇಟೆಯಲ್ಲಿ ದರ ಬಾಯಿಯಿಂದ ಹೊರಡುವುದಿಲ್ಲ. ಕೊಳ್ಳುವವ, ಮಾರುವವ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದು, ಎತ್ತಿಗೂ ತಿಳಿಯಬಾರದು. ಎದುರಿಗಿರುವವನು ಕೋಟು ಹಾಕಿದ್ದಾನೆ, ಮೇಜಿನ ಮೇಲೆ ಕಂಪ್ಯೂಟರ್ ಇದೆ ಎಂಬ ಕಾರಣಕ್ಕೆ ಇಂಥ ಸಭ್ಯ ಪದ್ಧತಿಯನ್ನು ಬಿಡುವವನಲ್ಲ ನಮ್ಮ ದಿವಾಣಜಿ.

ಕಾವ್ಯಾ ನೆಲದ ಹಾಸುಗಲ್ಲನ್ನು ನೋಡಿದಳು. ಅದು ಬಾಯಿ ಬಿಡಲಿಲ್ಲ.

ದಿಲಾವರ ಟವೆಲ್ಲನ್ನು ನೋಡಿದ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತ. ಆಮೇಲೆ, ಯಾರೂ ನೆನೆಸದಂತೆ, ತಾನೂ ಟವೆಲ್ಲಿನೊಳಗೆ ಕೈ ಹಾಕಿದ. ಅವನಪ್ಪ ದನದ ಪೇಟೆಯ ದಲಾಲಿಯಾಗಿದ್ದ.

ಹೊಳಿಯಪ್ಪ ಮೂರು ಬೆರಳು ಹಿಡಿದ. ಮೂವತ್ತು ಸಾವಿರ. ದಿಲಾವರ ಮೆಲ್ಲಗೆ ಬಿಡಿಸಿಕೊಂಡು ಒಂದು ಬೆರಳು ಒತ್ತಿದ, ಬಿಟ್ಟ, ಮತ್ತೆ ಅದೇ ಬೆರಳ ತುದಿಯನ್ನು ಚೂರೇ ಒತ್ತಿದ.

"ಎಷ್ಟಂದ್ರಿ?"

"ಹನ್ನೊಂದು ಸಾವಿರ ರೀ ಕಾಕಾ."

"ಹುಡುಗಿ ಫಸ್ಟ್ ಕ್ಲಾಸ್ ಐತ್ರಿ ಸಾಹೇಬ್ರ."

"ಬಂದವ್ರೆಲ್ಲಾ ಫಸ್ಟ್ ಕ್ಲಾಸೇ ಅದಾರ್ರಿ."

"ಬ್ಯಾಂಕಿನ ಕಂತೇ ಎಂಟು ಸಾವಿರದ ಮ್ಯಾಲ ಬರ್ತೈತಂತ. ಉಳದದ್ರಾಗ ಹುಡುಗಿ ರೂಮಿನ ಬಾಡಿಗಿ ಕಟ್ಟೂದೋ, ಗಂಜಿ ಕುಡಿಯೂದೋ?"

"ಖರೇ ಐತ್ರಿ. ನನ್ನ ತಂಗೀನೂ ಇದ ಓದ್ಯಾಳ. ಆಕಿದೂ ಅಷ್ಟ ಕಂತು, ಅಷ್ಟ ಪಗಾರ." ದಿಲಾವರನ ಕೈ ಇನ್ನೂ ಟವೆಲ್ಲಿನೊಳಗೇ ಇತ್ತು. "ನಾ ಎರಡನೇ ಬೆರಳು ಹಿಡಿಯೂ ಅಧಿಕಾರ ಇದ್ದಿದ್ರ ಹಿಡೀತಿದ್ದೆ ಕಾಕಾ."

ಹೊಳಿಯಪ್ಪ ಎದ್ದು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿದ. "ಮಾಲು ವಾಪಸ್ ಒಯ್ತೇನ್ರಿ."

ಬಸ್ಸಿನಲ್ಲಿ ಬ್ಯಾಡಗಿ ಹತ್ತಿರ ಬರುವತನಕ ಕಾವ್ಯಾ ಕಿಟಕಿಯಾಚೆ ನೋಡಿದಳು. ಕಡೆಗೆ ಅಂದಳು, "ಅಪ್ಪಾ, ನಾ ಸೇರ್ಕೋತೇನಿ. ಮೊದಲ ಕೈ ಕುಂದ್ರಲಿ. ಎರಡು ವರ್ಷಾದ ಮ್ಯಾಲ ದೊಡ್ಡ ಆಸ್ಪತ್ರಿಗೆ ಹೋಗ್ತೇನಿ."

"ಹನ್ನೊಂದಕ್ಕ ಒಮ್ಮೆ ಬಿಟ್ರ ಕಡೀತನಕ ಹನ್ನೊಂದರ ಮಾಲು ಅಂತ ಹೆಸರು ಬೀಳ್ತದವಾ."

"ನಾ ಮೆಣಸಿನಕಾಯಿ ಅಲ್ಲಪ್ಪಾ."

"ಅದಕ್ಕ ಹೇಳಾಕತ್ತೇನಿ. ಮೆಣಸಿನಕಾಯಿಗೇ ಅಷ್ಟು ಕಾಳಜಿ ಮಾಡ್ತೇವಿ, ಮಗಳಿಗೆ ಮಾಡಬಾರದೇನು?"

ಪ್ರೀತಿಯನ್ನು ಹಿಡಿದುಕೊಂಡು ತಪ್ಪು ಮಾಡುವವನ ಎದುರು ಯಾವ ವಾದವೂ ನಿಲ್ಲುವುದಿಲ್ಲ. ಮೇಲಾಗಿ ಹೊಳಿಯಪ್ಪನಿಗೆ ಬ್ಯಾಂಕಿನ ಒಪ್ಪಿಗೆಯೂ ಇತ್ತು, ಅಥವಾ ಇದೆಯೆಂದು ಅವನು ತಿಳಿದಿದ್ದ. ಓದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದು ಸಾಲ ಕೊಡುವಾಗಲೇ ಹೇಳಿದ್ದರು. ಅದನ್ನು ಅವನು ಹೀಗೆ ಅರ್ಥ ಮಾಡಿಕೊಂಡಿದ್ದ: ಬ್ಯಾಂಕಿನವರೂ ಪೇಟೆ ತಿಳಿದವರೇ, ರೇಟು ಬರಲಿ ಅಂತ ಒಂದು ವರ್ಷ ಬಾಡಿಗೆಯಿಲ್ಲದೆ ಕೋಲ್ಡ್ ಸ್ಟೋರೇಜು ಕೊಟ್ಟಿದ್ದಾರೆ.

ಆ ಸಂಜೆ ಓಣಿಯ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹೊಳಿಯಪ್ಪನ ಪ್ರವಚನವಾಯಿತು. ಕೇಳುಗರಲ್ಲಿ ಮುಖ್ಯನಾದವನು ಲಕ್ಕಪ್ಪ, ಪೇಟೆಯಲ್ಲಿ ಚೀಲ ಹೊರುವ ಹಮಾಲ. ಅವನ ಮಗಳು ಮೀನಾಕ್ಷಿ ಲ್ಯಾಬ್ ಟೆಕ್ನೀಷಿಯನ್ ಓದಿ ಹಾವೇರಿಯಲ್ಲಿ ಒಂಬತ್ತು ಸಾವಿರಕ್ಕೆ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಅವನ ಜೊತೆಗೆ ಎಕ್ಸರೇ ಓದಿದ ಹುಡುಗನ ಅಪ್ಪ, ಫಿಸಿಯೋಥೆರಪಿ ಓದಿದ ಹುಡುಗಿಯ ಅಪ್ಪ. ಕಲ್ಯಾಣ ಮಂಟಪದ ಶಿರಾ ಎಲ್ಲರೂ ತಿಂದವರೇ.

"ಆಸ್ಪತ್ರಿ ಮಂದಿ ಯಾಕ ಹನ್ನೊಂದು ಅಂತಾರ? ನಾವು ಬಿಡ್ತೇವಿ, ಅದಕ್ಕ" ಅಂದ ಹೊಳಿಯಪ್ಪ. "ಪೇಟಿಗೆ ಮಾಲು ಬರ್ಲಿಲ್ಲಂದ್ರ ಖರೀದಿದಾರ ಮನಿ ಬಾಗಲಿಗೆ ಬರ್ತಾನ. ಆರು ಚೀಲ ನೆನಪೈತಿಲ್ಲ ನಿಮಗ?"

ಎಲ್ಲರಿಗೂ ನೆನಪಿತ್ತು. ಮರೆಯಲು ಅವನು ಬಿಟ್ಟಿದ್ದರಲ್ಲವೆ.

"ಆದ್ರ ದಿವಾಣಜಿ, ರಕ್ತಾ ಕೊಡೂ ಮಂದಿ ಕಾಯ್ತಾರೇನ್ರಿ?" ಅಂದ ಲಕ್ಕಪ್ಪ.

"ಒಂದು ತಿಂಗಳು ತಡಿ. ಹಾವೇರಿ ಡಾಕ್ಟರು ನಿಮ್ಮ ಮನಿ ಮುಂದ ಕಾರ್ ನಿಲ್ಲಸ್ತಾರ."

ಲಕ್ಕಪ್ಪ ತನ್ನ ಮನೆಯ ಮುಂದಿನ ಗಟಾರವನ್ನು ನೆನೆದು, ಕಾರು ಎಲ್ಲಿ ನಿಲ್ಲಬಹುದೆಂದು ಚಿಂತೆಗೆ ಬಿದ್ದ. ಕಡೆಗೆ ನಾಲ್ವರೂ ಬಸವಣ್ಣನ ದೀಪ ಮುಟ್ಟಿ ಆಣೆ ಮಾಡಿದರು: ಇಪ್ಪತ್ತೈದರ ಕೆಳಗೆ ಯಾರೂ ತಮ್ಮ ಮಕ್ಕಳನ್ನು ಬಿಡುವುದಿಲ್ಲ. ಮರುದಿನ ಮೀನಾಕ್ಷಿ ಬಸ್ಸಿಗೆ ಹೋಗದೆ ಅಂಗಳ ಸಾರಿಸುತ್ತಿದ್ದದ್ದು ಎಲ್ಲರಿಗೂ ಕಂಡಿತು. ಓಣಿ ಹೊಳಿಯಪ್ಪನನ್ನು ಲೀಡರ್ ಎನ್ನತೊಡಗಿತು. ಅವನು ಸಂಕೋಚದಿಂದ ಒಪ್ಪಿಕೊಂಡ.

ತಿಂಗಳು ಕಳೆಯಿತು. ಗಟಾರದ ಮುಂದೆ ಕಾರು ನಿಲ್ಲಲಿಲ್ಲ. ಮಳೆ ಬಂತು, ಹೋಯಿತು. ಈಗ ಮೀನಾಕ್ಷಿ ಅಂಗಳದಲ್ಲಿ ಕಾಣುತ್ತಿರಲಿಲ್ಲ. ಕೇಳಿದರೆ, "ಕಾಗಿನೆಲಿಗೆ ಅಜ್ಜಿ ಹತ್ರ ಹೋಗ್ಯಾಳ್ರಿ, ದೇವರ ಸೇವಾ ಮಾಡಾಕ" ಅನ್ನುತ್ತಿದ್ದ ಲಕ್ಕಪ್ಪ. ಎಕ್ಸರೇ ಹುಡುಗನೂ ಯಾವುದೋ ಹರಕೆ ಹೊತ್ತಿದ್ದನಂತೆ. ಓಣಿಯಲ್ಲಿ ಇದ್ದಕ್ಕಿದ್ದಂತೆ ಭಕ್ತಿ ಹೆಚ್ಚಿತ್ತು.

ಕಾವ್ಯಾ ಮಾತ್ರ ಮನೆಯಲ್ಲಿದ್ದಳು. ಸೂಜಿ ಹಿಡಿಯುವ ಕೈ ಸುಮ್ಮನೆ ಕೂತರೆ ಮರೆಯುತ್ತದೆ ಎಂಬ ಭಯ ಅವಳಿಗೆ. ಸಂಜೆಯಾದರೆ ಅವ್ವನನ್ನು ಪಡಸಾಲೆಯಲ್ಲಿ ಕೂಡಿಸಿ, ಮುಂಗೈ ಮೇಲೆ ಬಟ್ಟಿಟ್ಟು, ಕಣ್ಣು ಮುಚ್ಚಿ ನರ ಹುಡುಕುತ್ತಿದ್ದಳು. ಅವ್ವನ ಕೈಯಲ್ಲಿ ಝುಂ ಎಲ್ಲಿಂದ ಬರಬೇಕು. ಹಿಟ್ಟು ನಾದಿದ ನೋವೊಂದು ಇತ್ತು. ಕಾವ್ಯಾ ಆದರೂ ಹುಡುಕುತ್ತಿದ್ದಳು. ಬಾಗಿಲಾಚೆ ಹೋಗುವವರು ಇದನ್ನು ನೋಡಿದರು. ಕಿಡ್ನಿ ಓದಿದ ಹುಡುಗಿ ದಿನವೂ ಅವ್ವನ ಕೈ ಹಿಡಿದು ಕೂಡುತ್ತಾಳೆ ಅಂದರೆ ಅರ್ಥವೇನು? ಬಸವಣ್ಣೆವ್ವನ ಎರಡೂ ಕಿಡ್ನಿ ಹೋಗಿವೆ. ಮಗಳು ಅದಕ್ಕೇ ನೌಕರಿ ಬಿಟ್ಟು ಕೂತಿದ್ದಾಳೆ. ಮೊದಲು ಎಳನೀರು ಬಂತು. ಆಮೇಲೆ ಯಾವುದೋ ಬೇರಿನ ಕಷಾಯ ಬಂತು. ಬಸವಣ್ಣೆವ್ವ ಯಾರ ಮನಸ್ಸೂ ನೋಯಿಸಬಾರದೆಂದು ಎಲ್ಲವನ್ನೂ ಕುಡಿದು ಖರೇನೇ ಎರಡು ದಿನ ಹಾಸಿಗೆ ಹಿಡಿದಳು.

ಸುದ್ದಿ ಗುತ್ತಲಕ್ಕೂ ಮುಟ್ಟಿತು. ಗುತ್ತಲದಲ್ಲಿ ಹೊಳಿಯಪ್ಪನ ಅಕ್ಕ ಗುತ್ತೆವ್ವ ಇದ್ದಳು. ಮೊದಲ ಬಸ್ಸಿಗೇ ಹತ್ತಿ, ದಾರಿಯುದ್ದಕ್ಕೂ ಪಕ್ಕದವರಿಗೆ ನಾದಿನಿಯ ಗುಣಗಾನ ಮಾಡಿ ಅತ್ತು, ಬಂದು ನೋಡಿದರೆ ನಾದಿನಿ ರೊಟ್ಟಿ ಬಡಿಯುತ್ತಿದ್ದಾಳೆ.

"ಏನಬೇ ಇದು. ನಾ ಬಸ್ಸಿನ ತುಂಬ ಅತ್ತು ಬಂದೇನಿ, ನೀ ನೋಡಿದ್ರ ಗುಂಡಕಲ್ಲಿನಂಗ ಕುಂತೀಯಲ್ಲ."

"ಉಣ್ಣಾಕ ಕುಂದ್ರಿ ಅಕ್ಕಾರ, ಬಿಸಿ ಅದಾವ" ಅಂದಳು ಬಸವಣ್ಣೆವ್ವ.

ಅತ್ತದ್ದು ದಂಡವಾಗಬಾರದು. ಉಂಡು ಎಲೆ ಅಡಿಕೆ ಹಾಕಿ ಗುತ್ತೆವ್ವ ಒಂದು ವರ ತೆಗೆದಳು. "ರಾಣೆಬೆನ್ನೂರಾಗ ಬೀಜದ ಅಂಗಡಿ ಐತಿ ತಮ್ಮಾ, ಹುಡುಗನ ಹೆಸರು ಕಲ್ಲೇಶ. ಓದಿದ ಹುಡುಗೀನ ಬೇಕಂತ. ಹುಡುಗಿ ನೌಕರಿ ಮಾಡ್ಬೇಕಂತ, ಪಗಾರ ಅವರ ಮನಿಗೆ ಬರ್ಬೇಕಂತ."

"ಮತ್ತ ಸಾಲಾ?" ಅಂದ ಹೊಳಿಯಪ್ಪ.

"ಸಾಲಾ ತವರಮನಿದು, ತವರಮನ್ಯಾಗ ಇರ್ಲಿ ಅಂತಾರ. ಅದರಾಗ ಅವರೇನೂ ಆಸೆ ಮಾಡೂದಿಲ್ಲ, ಬಾಳ ದೊಡ್ಡ ಮನಸಿನ ಮಂದಿ."

ಒಳಗಿನಿಂದ ಕಾವ್ಯಾ ಅಂದಳು, "ಅತ್ತಿ, ಹಂಗಾರ ಪಗಾರ ಅಷ್ಟ ಲಗ್ನಾ ಆಗಿ ಹೋಗ್ಲಿ. ಸಾಲದ ಜೋಡಿ ನಾ ಇಲ್ಲೇ ಇರ್ತೇನಿ."

ಗುತ್ತೆವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ತಮ್ಮಾ, ಈ ಹುಡುಗಿ ಮಾತು ಚುಚ್ಚತಾವ."

"ಸೂಜಿ ಹಾಕೂದ ಕಲ್ತಾಳ ಅಕ್ಕಾ" ಅಂದ ಹೊಳಿಯಪ್ಪ, ಬೇರೇನೂ ತೋಚದೆ.

ಸಂಜೆ ಬಸ್ಸಿಗೆ ಗುತ್ತೆವ್ವ ಹೋದಳು. ಈ ಸಲ ದಾರಿಯುದ್ದಕ್ಕೂ ಯಾರ ಗುಣಗಾನ ಮಾಡಿದಳೋ ತಿಳಿಯದು.

ಹೀಗೆ ವರ್ಷ ತುಂಬಿತು. ಕಂತು ಶುರುವಾಗುತ್ತದೆ ಎಂದು ಬ್ಯಾಂಕಿನಿಂದ ಫೋನು ಬಂತು. ಹೊಳಿಯಪ್ಪ ಗಾಬರಿಯಾಗಲಿಲ್ಲ. ಮಗಳ ಡಿಗ್ರಿ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹಾವೇರಿಗೆ ಹೋದ. ಸಾಲ ನೋಡಿಕೊಳ್ಳುವ ಅಧಿಕಾರಿ ಸುಧಾರಾಣಿ ಮೇಡಂ ಅವನನ್ನು ಕೂಡಿಸಿ, ಕಂಪ್ಯೂಟರಿನಲ್ಲಿ ಬಾಕಿ ತೋರಿಸಿದರು. ತೆಗೆದುಕೊಂಡದ್ದಕ್ಕಿಂತ ಬಹಳ ಹೆಚ್ಚಿತ್ತು.

"ಇದೆಲ್ಲಿಂದ ಬಂತ್ರಿ ಮೇಡಂ? ವರ್ಷ ರಜಾ ಇತ್ತಲ್ರಿ."

"ರಜಾ ಕಂತಿಗೆ ಇತ್ತರಿ ಹೊಳಿಯಪ್ಪನವರ. ಬಡ್ಡಿಗೆ ಎಲ್ಲಿ ರಜಾ? ಅದು ಓದೂ ಮುಂದನೂ ಬೆಳೀತಿತ್ತು, ನೀವು ಮನ್ಯಾಗ ಕುಂತಾಗನೂ ಬೆಳೀತಿತ್ತು."

ಹೊಳಿಯಪ್ಪ ಚೀಲ ಬಿಚ್ಚಿ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟ. "ಹಂಗಾರ ಇದನ್ನ ಒತ್ತಿ ಇಟ್ಕೊಳ್ರಿ. ಕೋಲ್ಡ್ ಸ್ಟೋರೇಜಿನ ರಶೀದಿ ಇಟ್ಕೊಂಡು ನೀವು ಮೆಣಸಿನಕಾಯಿ ಮ್ಯಾಲ ಸಾಲಾ ಕೊಡ್ತೀರಲ್ಲ, ಹಂಗ. ರೇಟು ಬಂದ ಕೂಡ್ಲೆ ಬಿಡಿಸ್ಕೊಂಡು ಹೋಗ್ತೇನಿ."

ಸುಧಾರಾಣಿ ನಗಲಿಲ್ಲ. "ಮೆಣಸಿನಕಾಯಿ ಆಗಿದ್ರ ಮಾರಿ ರೊಕ್ಕಾ ಮಾಡ್ತಿದ್ವಿರಿ. ಈ ಕಾಗದಾ ಬ್ಯಾಂಕಿಗೆ ತಗೊಂಡು ಏನು ಮಾಡೂದ್ರಿ? ಇದಕ್ಕ ಇಲ್ಲಿ ಬೆಲಿ ಇಲ್ಲ."

"ಮತ್ತ ಬೆಲಿ ಇಲ್ಲದ್ದಕ್ಕ ಐದು ಲಕ್ಷ ಯಾಕ ಕೊಟ್ರಿ ತಾಯಿ?"

ಅವನು ಜಗಳಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ. ಹಿಂದೆ ಸಾಲಿನಲ್ಲಿ ನಿಂತಿದ್ದವರೂ ಉತ್ತರ ಬರಬಹುದೆಂದು ಕತ್ತು ಚಾಚಿದರು. ಸುಧಾರಾಣಿ ಸರ್ಟಿಫಿಕೇಟನ್ನು ಮಡಚದಂತೆ ಜೋಪಾನವಾಗಿ ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟರು. "ಚಹಾ ತರಸ್ಲೇನ್ರಿ?" ಅಂದರು.

ಚಹಾ ಕುಡಿದು ಸಂಜೆಯ ಬ್ಯಾಡಗಿ ಬಸ್ಸು ಹತ್ತಿದ. ಕೂಡಲು ಜಾಗ ಹುಡುಕುತ್ತಿದ್ದರೆ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಹುಡುಗಿ ಕಂಡಳು. ತೊಡೆಯ ಮೇಲೆ ಮಡಚಿದ ಬಿಳಿ ಕೋಟು. ಕಾಗಿನೆಲೆಯಲ್ಲಿ ದೇವರ ಸೇವೆ ಮಾಡುತ್ತಿದ್ದ ಮೀನಾಕ್ಷಿ. ಹಿಂದಿನ ಸೀಟಿನಲ್ಲಿ ಎಕ್ಸರೇ ಹುಡುಗ. ಹೊಳಿಯಪ್ಪನನ್ನು ಕಂಡು ಕರವಸ್ತ್ರದಿಂದ ಮುಖ ಮುಚ್ಚಿಕೊಂಡ. ಬಾಗಿಲ ಹತ್ತಿರ ಫಿಸಿಯೋ ಹುಡುಗಿ ನಿಂತಿದ್ದಳು, ಅವಳಿಗೆ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಸಂಘದ ಮಾಲೆಲ್ಲ ಅದೇ ಬಸ್ಸಿನಲ್ಲಿತ್ತು.

ಹೊಳಿಯಪ್ಪ ನೆಟ್ಟಗೆ ಲಕ್ಕಪ್ಪನ ಮನೆಗೆ ಹೋದ. "ದೀಪಾ ಮುಟ್ಟಿ ಆಣಿ ಮಾಡಿದ್ದೆಲ್ಲೋ ಲಕ್ಕಪ್ಪ."

ಲಕ್ಕಪ್ಪ ತಲೆ ಕೆರೆದುಕೊಂಡ. "ನನ್ನ ಪಾಳಿ ಬರೂದ್ರಾಗ ದೀಪಾ ಆರಿತ್ರಿ ದಿವಾಣಜಿ. ಬರೀ ಹಣತಿ ಮುಟ್ಟೇನಿ."

"ಆಗ ಯಾಕ ಹೇಳ್ಲಿಲ್ಲ?"

"ನೀವು ಬಾಳ ಖುಷಿಲೇ ಇದ್ರಿ." ಆಮೇಲೆ ಅಂದ, "ಹದಿನೈದು ದಿನ ಬಿಡಿಸಿದ್ದೆ. ವಾಪಸ್ ಹೋದ್ರ ಐದು ನೂರು ಕಡಿಮಿ ಮಾಡಿ ತಗೊಂಡ್ರು. ಆದ್ರೂ ಮನ್ಯಾಗ ಹಿಟ್ಟು ಬೇಕಲ್ರಿ."

ಇಡೀ ವರ್ಷ ಮಾಲು ತಡೆದವನು ತಾನೊಬ್ಬನೇ ಎಂಬುದು ಹೊಳಿಯಪ್ಪನಿಗೆ ಆಗ ತಿಳಿಯಿತು. ಆ ದಿನ ಅವನು ಊಟಕ್ಕೆ ಕೂಡಲಿಲ್ಲ. ಮೆಣಸಿನಕಾಯಿ ದರ ಏರಿತ್ತು, ಅದನ್ನೂ ನೋಡಲಿಲ್ಲ.

ಮರುದಿನ ತಾನಾಗಿಯೇ ಮಗಳಿಗೆ ಅಂದ, "ನಡಿಯವಾ, ರಾಣೆಬೆನ್ನೂರಿಗೆ. ಹನ್ನೊಂದಂದ್ರ ಹನ್ನೊಂದು." ಕಾವ್ಯಾ ತನ್ನ ಬಿಳಿ ಕೋಟು ತೆಗೆದಳು. ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ಅದಕ್ಕೆ ನುಸಿಗುಳಿಗೆಯ ವಾಸನೆ ಬಂದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಹೊಸದಾಗಿ ಪಾಸಾದ ಹುಡುಗಿಯರು ಸಾಲಾಗಿ ಕೂತಿದ್ದರು, ಪ್ರತಿಯೊಬ್ಬಳ ಪಕ್ಕ ಒಬ್ಬ ಅಪ್ಪ. ಜನವರಿಯಲ್ಲಿ ಹೊಸ ಮಾಲು ಬಂದಾಗ ಪೇಟೆ ಕಾಣುವ ಹಾಗೆಯೇ ಕಂಡಿತು ಹೊಳಿಯಪ್ಪನಿಗೆ. ಕೆಂಪಗೆ, ರಾಶಿರಾಶಿಯಾಗಿ, ಯಾರ ಮುಖದಲ್ಲೂ ಇನ್ನೂ ದರ ಬಿದ್ದ ಕಳೆಯಿಲ್ಲ.

ದಿಲಾವರ ಕಾವ್ಯಾಳನ್ನು ಮೊದಲು ಒಳಗೆ ಕರೆದ. ಡಯಾಲಿಸಿಸ್ ಕೋಣೆಯವರು ಒಬ್ಬ ಅಜ್ಜನ ಕೈ ತೋರಿಸಿ, ನರ ಹಿಡಿದು ಗುರುತು ಹೇಳು ಅಂದರಂತೆ. ಸೂಜಿ ಬೇಡ, ಗುರುತು ಸಾಕು. ಬಾಗಿಲ ಸಂದಿಯಿಂದ ಹೊಳಿಯಪ್ಪ ನೋಡಿದ. ಮಗಳು ಕಣ್ಣು ಮುಚ್ಚಿ ಬಟ್ಟಿಟ್ಟಳು. ಬಟ್ಟು ನಡುಗುತ್ತಿತ್ತು. ಅಜ್ಜನೇ ತಗ್ಗಿದ ದನಿಯಲ್ಲಿ, "ಅಂಜಬ್ಯಾಡ ತಂಗಿ, ಚೂರು ಮ್ಯಾಲ ಐತಿ ನೋಡು" ಅಂದ.

ಆಮೇಲೆ ಅಪ್ಪ ಮಗಳಿಬ್ಬರನ್ನೂ ಕೂಡಿಸಿ ದಿಲಾವರ ಬಾಗಿಲತ್ತ ನೋಡಿದ. ಸಾಲಿನಲ್ಲಿ ಮೊದಲಿದ್ದ ಅಪ್ಪಂದಿರು ಇಣುಕುತ್ತಿದ್ದರು. "ಕಾಕಾ, ಟವೆಲ್ಲು ತಂದೀರೇನು?" ಅಂದ.

ಹೊಳಿಯಪ್ಪ ಹೆಗಲು ಮುಟ್ಟಿಕೊಂಡ. ಇತ್ತು. ಮೇಜಿನ ಮೇಲೆ ಹಾಸಿ ಕೈ ಇಟ್ಟ. ಈ ಸಲ ತಾನು ಯಾವ ಬೆರಳನ್ನೂ ಒತ್ತಲಿಲ್ಲ, ಕಾದ. ದಿಲಾವರನ ಕೈ ಬಂತು. ಹೊಳಿಯಪ್ಪ ಬೆರಳು ಹುಡುಕಿದ. ಒಂದು ಬೆರಳಾದರೂ ಸಿಕ್ಕೀತೆಂದು ಅತ್ತಿತ್ತ ತಡವಿದ. ಬೆರಳಿರಲಿಲ್ಲ. ಟವೆಲ್ಲಿನ ಕೆಳಗೆ ಇದ್ದದ್ದು ಮುಚ್ಚಿದ ಮುಷ್ಟಿ.

"ವರ್ಷ ಮಷಿನ್ ಮು‍ಟ್ಟಿಲ್ಲಲ್ರಿ" ಅಂದ ದಿಲಾವರ, ಆಚೆಯವರಿಗೆ ಕೇಳದಂತೆ. "ಆರು ತಿಂಗಳು ಹಂಗ ಬಂದು ಕಲೀಲಿ, ಪಗಾರ ಇಲ್ಲ. ಆಮ್ಯಾಲ ನೋಡೂಣ ಅಂದಾರ ಮ್ಯಾಲಿನವ್ರು. ಹೊರಗ ಕುಂತವ್ರಿಗೆ ಹತ್ತು ಹೇಳೇವಿ."

ಹೊಳಿಯಪ್ಪ ಆ ಮುಷ್ಟಿಯನ್ನು ಬಿಡದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ. ಕಾವ್ಯಾ ಎದ್ದು, ಟವೆಲ್ಲು ಮಡಚಿ, ಅಪ್ಪನ ಹೆಗಲ ಮೇಲೆ ಹಾಕಿ, "ನಡಿ" ಅಂದಳು.

ಇನ್ನುಳಿದದ್ದು ಸಾಹುಕಾರರು. ಮೊದಲ ಕಂತಿಗೆ ಮುಂಗಡ ಕೇಳಲು ಹೊಳಿಯಪ್ಪ ಗಾದಿಯ ಹತ್ತಿರ ಕೈ ಕಟ್ಟಿ ನಿಂತ. ವಿರೂಪಾಕ್ಷಪ್ಪ ಕನ್ನಡಕ ಏರಿಸಿ ಎಲ್ಲವನ್ನೂ ಕೇಳಿದರು.

"ಮುಂಗಡ ಕೊಟ್ರ ನಿನಗ ಮತ್ತೊಂದು ಸಾಲಾ ಆಗ್ತೈತಿ ಹೊಳಿಯಪ್ಪ. ನಿನ್ನ ಮಗಳು ಮಷಿನ್ ಮುಂದ ಕುಂತು ಒತ್ತಡ ನೋಡೂದು, ಗಂಟೆ ಹೊಡದ್ರ ಎದ್ದು ನೋಡೂದು, ಬರಕೊಳ್ಳೂದು ಕಲ್ತಾಳಿಲ್ಲ?"

"ಕಲ್ತಾಳ್ರಿ. ಆದ್ರ ಅದು ರಕ್ತದ ಮಷಿನ್ ರೀ ಸಾಹುಕಾರ್ರ."

"ನಮ್ಮದು ಥಂಡಿದು. ಕೋಲ್ಡ್ ಸ್ಟೋರೇಜಿನ್ಯಾಗ ಮೀಟರ್ ನೋಡೂ ಹುಡುಗ ಬಿಟ್ಟು ಹೋಗ್ಯಾನ. ಕಳಸು. ಹನ್ನೆರಡು ಸಾವಿರ ಕೊಡ್ತೇನಿ."

ಹನ್ನೆರಡು. ಆಸ್ಪತ್ರೆಗಿಂತ ಹೆಚ್ಚು. ವರ್ಷ ತಡೆದದ್ದಕ್ಕೆ ದರ ಏರಿತು ಎಂದು ಹೊಳಿಯಪ್ಪ ಬೇಕಾದರೆ ಹೇಳಬಹುದಿತ್ತು.

ಕಾವ್ಯಾ ಕೆಲಸಕ್ಕೆ ಸೇರಿದಳು; ಹೇಳುವ ಕೆಲಸವನ್ನು ಓಣಿ ಮಾಡಿತು. "ದಿವಾಣಜಿ ಮಾತಿನ ಮನಷ್ಯಾ. ಇಡ್ತೇನಿ ಅಂದಿದ್ದ, ಇಟ್ಟ" ಅಂದ ಎಕ್ಸರೇ ಹುಡುಗನ ಅಪ್ಪ. ಗುತ್ತೆವ್ವ ಫೋನು ಮಾಡಿ, ಪಗಾರ ಹನ್ನೆರಡಾದರೆ ಕಲ್ಲೇಶನ ಮನೆಯವರು ಇನ್ನೊಮ್ಮೆ ವಿಚಾರ ಮಾಡುತ್ತಾರಂತೆ, ಸ್ವೆಟರಿನ ಖರ್ಚು ತವರಿನದೇ ಅಂದಳು. ಲಕ್ಕಪ್ಪ ಮಾತ್ರ ಚೀಲ ಹೊತ್ತು ಒಳಗೆ ಹೋಗುವಾಗಲೆಲ್ಲ, "ತಂಗಿ, ಬಿಸಲಿಗೆ ಚೂರು ಹೊರಗ ಬಂದು ನಿಲ್ಲು ಹೋಗು, ಮೀಟರ್ ನಾ ನೋಡ್ತಿರ್ತೇನಿ" ಅನ್ನುತ್ತಿದ್ದ. ಅವನಿಗೆ ಮೀಟರ್ ಓದಲು ಬರುತ್ತಿರಲಿಲ್ಲ.

ಮೊದಲ ಪಗಾರ ಬಂದ ದಿನ ಮುಂಜಾನೆಯೇ ಬ್ಯಾಂಕಿನವರು ಕಂತು ಹಿಡಿದುಕೊಂಡರು. ಪಗಾರ ಬಂದ ಸದ್ದೂ ಹೋದ ಸದ್ದೂ ಮೊಬೈಲಿನಲ್ಲಿ ಒಂದರ ಹಿಂದೊಂದು ಆಯಿತು. ಹೊಳಿಯಪ್ಪ ಮಧ್ಯಾಹ್ನ ಬುತ್ತಿ ಹಿಡಿದು ಕೋಲ್ಡ್ ಸ್ಟೋರೇಜಿಗೆ ಹೋದ. ದಪ್ಪ ಬಾಗಿಲಿನೊಳಗಿನ ಓಣಿಯಂಥ ಜಾಗದಲ್ಲಿ ಒಂದು ಮೇಜು, ಒಂದು ಕುರ್ಚಿ. ಎರಡೂ ಕಡೆ ಸೂರಿನ ತನಕ ಮೆಣಸಿನಕಾಯಿ ಚೀಲ ತುಂಬಿದ ಕೋಣೆಗಳು. ಕಾವ್ಯಾ ಅವ್ವನ ಶಾಲು ಹೊದ್ದು, ಅಪ್ಪನ ಮಂಕಿ ಟೋಪಿ ಹಾಕಿ ಕೂತಿದ್ದಳು. ಮೂಗು ಕೆಂಪಾಗಿತ್ತು.

"ರೊಟ್ಟಿ ಬಿಸಿ ಇದ್ದಾಗ ತಿನ್ನವಾ."

"ಇಲ್ಲಿಗೆ ಬರೂದ್ರಾಗ ಆರಿರ್ತಾವ ಬಿಡು." ಅವಳು ಎದ್ದು ಗೋಡೆಗುಂಟ ಹೋಗಿದ್ದ ಕೊಳವೆಯ ಹತ್ತಿರ ನಿಂತಳು. ಅದರ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. "ಅಪ್ಪಾ, ಇಲ್ಲಿ ಕೈ ಇಡು. ಹಂಗಲ್ಲ, ಬರೀ ಬಟ್ಟ ಇಡು, ಹಗೂರಕ."

ಹೊಳಿಯಪ್ಪ ಇಟ್ಟ. ಒಳಗೆ ಏನೋ ಹರಿಯುತ್ತಿತ್ತು.

"ಝುಂ ಅಂತೈತಿಲ್ಲ?"

"ಹೂಂ."

"ಫಿಸ್ಟುಲಾನೂ ಹಿಂಗ ಇರ್ತೈತಿ. ಅದು ಬೆಚ್ಚಗ ಇರ್ತೈತಿ, ಅಷ್ಟ." ಅವಳೂ ಕಣ್ಣು ಮುಚ್ಚಿ ಅವನ ಬಟ್ಟಿನ ಪಕ್ಕ ತನ್ನ ಬಟ್ಟು ಇಟ್ಟಳು. ಅದು ನಡುಗಲಿಲ್ಲ.

ಬಟ್ಟು ಜೋಮು ಹಿಡಿಯುವತನಕ ಹೊಳಿಯಪ್ಪ ಕೈ ತೆಗೆಯಲಿಲ್ಲ. ಮಗಳಿಗೆ ಏನಾದರೂ ಹೇಳಬೇಕಿತ್ತು. ಅವನ ಹತ್ತಿರ ಇದ್ದದ್ದು ಒಂದೇ ಮಾತು.

"ಮುಂದಿನ ವರ್ಷ ರೇಟು ಬರ್ತೈತವಾ" ಅಂದ. ಬಾಯಿಂದ ಹೊಗೆ ಬಂತು.

ಕಾವ್ಯಾ ಕಣ್ಣು ತೆರೆಯಲಿಲ್ಲ.

"ಬಾಗಲಾ ಹಾಕ್ಕೊಂಡು ಹೋಗಪ್ಪಾ. ಥಂಡಿ ಹೊರಗ ಹೋಗಾಕತ್ತೈತಿ."